ಚಿನ್ನದ ಊರಿನಲ್ಲಿ ರಸಾಯನ ಪಾಠ

ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ಸಾಗಿದರೆ ಬಂಗಾರಪೇಟೆ ಸಿಗುತ್ತದೆ. ಅಲ್ಲಿ ಮುಖ್ಯ ರೈಲುಹಾದಿಯಿಂದ ಒಂದು ಪುಟ್ಟ ಕವಲು ಒಡೆಯುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ... ನಿಲ್ದಾಣಗಳ ಹೆಸರುಗಳನ್ನು ಓದುತ್ತಾ ಹೋದಂತೆಯೇ ಇದು ಬೇರೆ ಬಗೆಯ ಊರು ಎಂಬುದು ಗೊತ್ತಾಗುತ್ತದೆ. ಮಾರಿಕುಪ್ಪಂ ಬಂದರೆ ಹಳಿ ಮುಗಿಯಿತು. ಇದೇ ಕೋಲಾರದ ಚಿನ್ನದ ಗಣಿ ಪ್ರದೇಶ. ಜನರ ಬಾಯಲ್ಲಿ ಬರೀ ಕೆ.ಜಿ.ಎಫ್.

ಮೊದಲ ಸಲ ಬರುವ ಮಕ್ಕಳು ರೈಲಿನ ಕಿಟಕಿಯಾಚೆ ಎಲ್ಲಾದರೂ ಚಿನ್ನದ ಹೊಳಪು ಕಂಡೀತೇ ಎಂದು ನೋಡುತ್ತಾರೆ. ಕಾಣುವುದು ಮಾತ್ರ ಬೂದು ಬಣ್ಣದ ಬೋಳು ಗುಡ್ಡಗಳು. ಮೇಲೆ ತಟ್ಟೆಯಂತೆ ಸಮತಟ್ಟು, ಪಕ್ಕಗಳಲ್ಲಿ ಮಳೆ ಕೊರೆದ ಆಳವಾದ ಕೊರಕಲುಗಳು. ಅಲ್ಲಲ್ಲಿ ಒಂದಿಷ್ಟು ಮುಳ್ಳುಗಿಡ ಬಿಟ್ಟರೆ ಹಸಿರಿನ ಸುಳಿವಿಲ್ಲ. ಇವು ಪ್ರಕೃತಿ ಮಾಡಿದ ಗುಡ್ಡಗಳಲ್ಲ. ಭೂಮಿಯ ಹೊಟ್ಟೆಯಿಂದ ತೆಗೆದು, ಅರೆದು, ಚಿನ್ನವನ್ನು ಹೀರಿಕೊಂಡ ಮೇಲೆ ಬಿಸಾಡಿದ ಕಲ್ಲಿನ ಹುಡಿ. ಊರವರು ಇವನ್ನು 'ಸೈನೈಡ್ ಗುಡ್ಡ' ಎಂದೇ ಕರೆಯುತ್ತಾರೆ. 2018ರಲ್ಲಿ ಬಂದ 'ಕೆ.ಜಿ.ಎಫ್.' ಚಲನಚಿತ್ರವನ್ನು ನೋಡಿದವರಿಗೆ ಇವುಗಳ ಪರಿಚಯ ಉಂಟು.

ಶಾಲೆಯಲ್ಲಿ ರಾಸಾಯನಿಕ ಬಂಧದ ಪಾಠ ಬರುತ್ತದೆ. ಅಯಾನಿಕ ಬಂಧ, ಕೋವೆಲೆಂಟ್ ಬಂಧ, ಲೋಹೀಯ ಬಂಧ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಎರಡು ಅಂಕದ ಪ್ರಶ್ನೆಗೆ ಬರೆದು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆದರೆ ಈ ಊರಿನಲ್ಲಿ ಆ ಪಾಠ ಕಣ್ಣೆದುರಿಗೇ ಹರಡಿಕೊಂಡಿದೆ. ಚಿನ್ನ ಇಲ್ಲಿ ಚಿನ್ನವಾಗಿಯೇ ಏಕೆ ಸಿಕ್ಕಿತು? ಅದನ್ನು ಕಲ್ಲಿನಿಂದ ಬಿಡಿಸಲು ಘೋರ ವಿಷವೇ ಏಕೆ ಬೇಕಾಯಿತು? ಗುಡ್ಡದ ಧೂಳು ಎದೆಗೆ ಏಕೆ ಕೆಟ್ಟದ್ದು? ಈ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ: ಪರಮಾಣುಗಳು ಒಂದನ್ನೊಂದು ಹೇಗೆ ಹಿಡಿದುಕೊಳ್ಳುತ್ತವೆ ಎಂಬುದರಲ್ಲಿ.

ಮಣ್ಣಿನಿಂದ ಪಾತಾಳಕ್ಕೆ

ಟಿಪ್ಪುವಿನ ಪತನವಾದ ಮೇಲೆ ಮೈಸೂರು ರಾಜ್ಯದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಈ ಭಾಗದಲ್ಲಿ ಓಡಾಡಿದ. ಇಲ್ಲಿನ ಹಳ್ಳಿಗರು ಮಣ್ಣನ್ನು ನೀರಿನಲ್ಲಿ ಜಾಲಾಡಿ ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಬರೆದ. ಆ ಬರಹ ಎಷ್ಟೋ ವರ್ಷಗಳ ನಂತರ ಮೈಕೆಲ್ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕನ ಕಣ್ಣಿಗೆ ಬಿತ್ತು. ಆತ ನ್ಯೂಜಿಲೆಂಡಿನಲ್ಲಿ ಚಿನ್ನದ ಹುಚ್ಚನ್ನು ಕಂಡು ಬಂದವನು. 1871ರಲ್ಲಿ ಎತ್ತಿನ ಗಾಡಿ ಹೂಡಿಕೊಂಡು ಬೆಂಗಳೂರಿನಿಂದ ಕೋಲಾರದ ಕಡೆಗೆ ಹೊರಟ. 1875ರಲ್ಲಿ ಅವನಿಗೆ ಗಣಿಯ ಪರವಾನಗಿ ಸಿಕ್ಕಿತು. ಬೆಂಗಳೂರಿನ ಲವೆಲ್ ರಸ್ತೆ ಇವನ ಹೆಸರಿನದೇ. 1880ರ ನಂತರ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಕಾಲಿಟ್ಟ ಮೇಲೆ ಗಣಿಗಾರಿಕೆಗೆ ನಿಜವಾದ ವೇಗ ಬಂತು.

ಮುಂದಿನದು ಇಳಿಯುತ್ತಲೇ ಹೋದ ಕಥೆ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿಯಿತು. ನಂದಿಬೆಟ್ಟವನ್ನು ತಲೆಕೆಳಗಾಗಿ ನಿಲ್ಲಿಸಿದರೂ ಅದರ ತುದಿ ತಳ ಮುಟ್ಟದು. ಅಷ್ಟು ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಣ್ಣನೆಯ ಗಾಳಿಯನ್ನು ಮೇಲಿನಿಂದ ಕಳಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲುವಂತಿರಲಿಲ್ಲ. ಕೆಲಸಕ್ಕೆ ಬಂದವರಲ್ಲಿ ಬಹುಮಂದಿ ಇಂದಿನ ತಮಿಳುನಾಡು, ಆಂಧ್ರದ ಬಡ ಹಳ್ಳಿಗಳವರು. ಅವರಿಗೆ ಸಾಲು ಸಾಲು ಪುಟ್ಟ ಮನೆಗಳ 'ಲೈನು'. ಸಾಹೇಬರಿಗೆ ತೋಟದ ನಡುವಿನ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 'ಲಿಟ್ಲ್ ಇಂಗ್ಲೆಂಡ್' ಎಂಬ ಹೆಸರು ಬಂದದ್ದು ಬಂಗಲೆಗಳ ಕೆ.ಜಿ.ಎಫ್.ಗೆ, ಲೈನುಗಳ ಕೆ.ಜಿ.ಎಫ್.ಗೆ ಅಲ್ಲ.

ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ 800 ಟನ್ನಿಗೂ ಹೆಚ್ಚು. ಅದಕ್ಕಾಗಿ ಒಡೆದ ಅದಿರು ಸುಮಾರು 5 ಕೋಟಿ ಟನ್ನು. ಲೆಕ್ಕ ಹಾಕಿದರೆ ಒಂದು ಟನ್ನು ಕಲ್ಲಿಗೆ ಸರಾಸರಿ 16 ಗ್ರಾಂ ಚಿನ್ನ. ಮನೆಯ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಎರಡು ಸವರನ್ನು! ತಾಯಿಯ ಕೊರಳಿನ ಎರಡು ಸವರನ್ನಿನ ಸರದ ಹಿಂದೆ ಒಂದು ಟನ್ನು ಬಂಡೆಯನ್ನು ಒಡೆದ ಕೈಗಳಿವೆ.

ಬೆಣಚುಕಲ್ಲಿನ ಬಿಗಿ

ಕೋಲಾರದ ಚಿನ್ನ ಹುದುಗಿದ್ದುದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಕಪ್ಪು ಬಂಡೆಯ ಬಿರುಕುಗಳಲ್ಲಿ ಸುಮಾರು 270 ಕೋಟಿ ವರ್ಷಗಳ ಹಿಂದೆ ಬಿಸಿ ದ್ರವ ನುಗ್ಗಿ, ತಣಿದು ಬೆಣಚುಕಲ್ಲಾಯಿತು. ಅದರ ಜತೆಗೇ ಚಿನ್ನದ ಕಣಗಳೂ ಕೂತವು. ಬೆಣಚುಕಲ್ಲು ಎಂದರೆ ಮಕ್ಕಳು ಕತ್ತಲಲ್ಲಿ ಒಂದಕ್ಕೊಂದು ತಿಕ್ಕಿ ಬೆಳಕು ನೋಡುವ ಬಿಳಿಯ ಕಲ್ಲೇ. ಅದರಲ್ಲಿರುವುದು ಎರಡೇ ಧಾತುಗಳು: ಸಿಲಿಕಾನ್ ಮತ್ತು ಆಮ್ಲಜನಕ.

ಒಂದೊಂದು ಸಿಲಿಕಾನ್ ಪರಮಾಣು ನಾಲ್ಕು ಆಮ್ಲಜನಕ ಪರಮಾಣುಗಳ ಜತೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತದೆ. ಒಂದೊಂದು ಆಮ್ಲಜನಕವೂ ಎರಡು ಸಿಲಿಕಾನ್‌ಗಳ ನಡುವೆ ಸೇತುವೆಯಂತೆ ನಿಲ್ಲುತ್ತದೆ. ಹೀಗೆ ಹಂಚಿಕೊಳ್ಳುವುದೇ ಕೋವೆಲೆಂಟ್ ಬಂಧ. ಈ ಹೆಣಿಗೆ ಎಲ್ಲಿಯೂ ಮುಗಿಯುವುದಿಲ್ಲ. ಕಲ್ಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ಒಂದೇ ಬಲೆ. ಆದ್ದರಿಂದಲೇ ಬೆಣಚುಕಲ್ಲು ಚಾಕುವಿಗೆ ಜಗ್ಗುವುದಿಲ್ಲ, ಗಾಜಿನ ಮೇಲೆ ಗೀರು ಹಾಕುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಕರಗಿಸಬೇಕಾದರೆ 1,700 ಡಿಗ್ರಿಯ ಆಸುಪಾಸಿನ ಶಾಖ ಬೇಕು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಆವರ್ತ ಕೋಷ್ಟಕದಲ್ಲಿ ಸಿಲಿಕಾನ್ ಮೇಲೆ ಕೂತಿರುವುದು ಅದರ ಅಣ್ಣನಂತಿರುವ ಇಂಗಾಲ. ಇಂಗಾಲವೂ ಎರಡು ಆಮ್ಲಜನಕಗಳೊಡನೆ ಸೇರುತ್ತದೆ. ಆದರೆ ಅದು ಬಲೆ ಹೆಣೆಯುವುದಿಲ್ಲ; ಮೂರು ಪರಮಾಣುಗಳ ಪುಟ್ಟ ಅಣುವಾಗಿ ಅಲ್ಲಿಗೇ ತೃಪ್ತಿಪಡುತ್ತದೆ. ಒಂದು ಅಣುವಿಗೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ಹಿಡಿತವಿಲ್ಲ. ಹಾಗಾಗಿ ಅದು ನಾವು ಉಸಿರಿನಲ್ಲಿ ಬಿಡುವ ಅನಿಲ. ಅಣ್ಣನ ಆಕ್ಸೈಡು ಗಾಳಿ, ತಮ್ಮನ ಆಕ್ಸೈಡು ಬಂಡೆ! ಯಾವ ಧಾತು ಎಂಬುದಷ್ಟೇ ಅಲ್ಲ, ಹೇಗೆ ಕಟ್ಟಿಕೊಂಡಿದೆ ಎಂಬುದೂ ವಸ್ತುವಿನ ಗುಣವನ್ನು ತೀರ್ಮಾನಿಸುತ್ತದೆ.

ಕೋವೆಲೆಂಟ್ ಬಂಧಗಳಿಗೆ ದಿಕ್ಕು ಉಂಟು. ಗೊತ್ತಾದ ಕೋನದಲ್ಲಿಯೇ ಅವು ನಿಲ್ಲಬೇಕು. ಬಗ್ಗಿಸಲು ಹೋದರೆ ಬಗ್ಗುವುದಿಲ್ಲ, ಮುರಿಯುತ್ತವೆ. ಕಠಿಣವಾದ ಬಂಡೆಗಳ ಈ ಸ್ವಭಾವ ಗಣಿಯ ಆಳದಲ್ಲಿ ಪ್ರಾಣಕ್ಕೇ ಸಂಚಕಾರ ತಂದಿತು. ಮೇಲಿನಿಂದ ಮೂರು ಕಿಲೋಮೀಟರ್ ಬಂಡೆಯ ಭಾರ. ಕಲ್ಲು ಜೇಡಿಮಣ್ಣಿನಂತೆ ಮೆಲ್ಲಗೆ ಜರುಗುವಂಥದಲ್ಲ. ತಾಳುವಷ್ಟು ತಾಳಿ, ಒಂದು ಕ್ಷಣದಲ್ಲಿ ಫಿರಂಗಿಯಂತೆ ಸಿಡಿಯುತ್ತಿತ್ತು. ಈ ಬಂಡೆ ಸಿಡಿತಗಳು ಎಷ್ಟೋ ಕಾರ್ಮಿಕರನ್ನು ಬಲಿ ತೆಗೆದುಕೊಂಡವು. ಬಂಡೆಗಳ ವರ್ತನೆಯನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು 1988ರಲ್ಲಿ ಇದೇ ಊರಿನಲ್ಲಿ ಹುಟ್ಟಿದ್ದಕ್ಕೆ ಇದೇ ಕಾರಣ.

ಯಾರ ಹಂಗೂ ಬೇಡದ ಲೋಹ

ಬಂಡೆಯ ಸಿಲಿಕಾನ್ ಆಮ್ಲಜನಕದ ಕೈ ಹಿಡಿದು ಕೂತಿದ್ದರೆ, ಪಕ್ಕದಲ್ಲೇ ಇದ್ದ ಚಿನ್ನ ಮಾತ್ರ ಯಾರ ಕೈಯನ್ನೂ ಹಿಡಿದಿರಲಿಲ್ಲ. ಕಬ್ಬಿಣ, ಅಲ್ಯೂಮಿನಿಯಂಗಳು ಅದಿರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕದೊಡನೆ ಬೆಸೆದುಕೊಂಡಿರುತ್ತವೆ. ಚಿನ್ನವಾದರೋ 270 ಕೋಟಿ ವರ್ಷ ನೆಲದಡಿ ಇದ್ದರೂ ಚಿನ್ನವಾಗಿಯೇ ಉಳಿಯಿತು.

ಇದಕ್ಕೆ ಕಾರಣ ಅದರ ಪರಮಾಣುವಿನೊಳಗೇ ಇದೆ. ಚಿನ್ನದ ಬೀಜಕೇಂದ್ರದಲ್ಲಿ 79 ಪ್ರೋಟಾನುಗಳು. ಇಷ್ಟು ಬಲವಾದ ಸೆಳೆತದಲ್ಲಿ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಜತೆ ಹೋಲಿಸುವಷ್ಟಾಗುತ್ತದೆ. ಆಗ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪರಿಣಾಮ ಇಣುಕಿ, ಹೊರಗಿನ ಎಲೆಕ್ಟ್ರಾನ್ ಕೂಡ ಒಳಕ್ಕೆ ಸೆಳೆಯಲ್ಪಡುತ್ತದೆ. ಒಳಗೆ ಸೇರಿದ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಕಿತ್ತುಕೊಳ್ಳಲಾಗದು. ಚಿನ್ನ ತುಕ್ಕು ಹಿಡಿಯದಿರುವುದಕ್ಕೆ ಇದೇ ಮೂಲ. ಬಹುತೇಕ ಲೋಹಗಳು ಬೆಳ್ಳಗಿದ್ದರೆ ಚಿನ್ನ ಹಳದಿಯಾಗಿರುವುದಕ್ಕೂ ಇದೇ ಮೂಲ: ಈ ಸೆಳೆತದಿಂದಾಗಿ ಅದು ನೀಲಿ ಬೆಳಕನ್ನು ಹೀರಿಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತದೆ.

ಹಾಗಾದರೆ ಚಿನ್ನದ ಪರಮಾಣುಗಳು ಪರಸ್ಪರ ಹೇಗೆ ಅಂಟಿಕೊಂಡಿವೆ? ಲೋಹಗಳ ರೀತಿಯೇ ಬೇರೆ. ಪ್ರತಿಯೊಂದು ಪರಮಾಣುವೂ ತನ್ನ ಹೊರ ಎಲೆಕ್ಟ್ರಾನನ್ನು ಊರಿನ ಕೆರೆಗೆ ನೀರು ಬಿಟ್ಟ ಹಾಗೆ ಸಾಮೂಹಿಕ ನಿಧಿಗೆ ಬಿಟ್ಟುಬಿಡುತ್ತದೆ. ಆ ಎಲೆಕ್ಟ್ರಾನುಗಳು ಯಾರೊಬ್ಬರವೂ ಅಲ್ಲ, ಎಲ್ಲರವೂ ಹೌದು. ಈ ಎಲೆಕ್ಟ್ರಾನ್ ಕೆರೆಯೇ ಪರಮಾಣುಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಇಲ್ಲಿ ಇಂಥದೇ ಕೋನ, ಇಂಥದೇ ದಿಕ್ಕು ಎಂಬ ಹಟವಿಲ್ಲ. ಸುತ್ತಿಗೆಯ ಪೆಟ್ಟು ಬಿದ್ದರೆ ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ, ಬಂಧ ಹರಿಯುವುದಿಲ್ಲ. ಕಲ್ಲು ಪುಡಿಯಾಗುವ ಪೆಟ್ಟಿಗೆ ಚಿನ್ನ ತಗಡಾಗುತ್ತದೆ. ಒಂದು ಗ್ರಾಂ ಚಿನ್ನವನ್ನು ಎರಡು ಕಿಲೋಮೀಟರ್ ಉದ್ದದ ತಂತಿಯಾಗಿ ಎಳೆಯಬಹುದು. ಬಡಿದು ತೆಳ್ಳಗೆ ಮಾಡಿದ ಹಾಳೆಯ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಈ ಮೆದುತನ ಅಕ್ಕಸಾಲಿಗನಿಗೆ ವರವೂ ಹೌದು, ತೊಡಕೂ ಹೌದು. ಅಪರಂಜಿಯಲ್ಲಿ ಬಳೆ ಮಾಡಿದರೆ ಬಾಗಿಹೋಗುತ್ತದೆ. ಆದ್ದರಿಂದ 24 ಪಾಲಿನಲ್ಲಿ 22 ಪಾಲು ಚಿನ್ನ, 2 ಪಾಲು ತಾಮ್ರ ಅಥವಾ ಬೆಳ್ಳಿ ಬೆರೆಸುತ್ತಾರೆ. ಬೇರೆ ಗಾತ್ರದ ಪರಮಾಣುಗಳು ನಡುವೆ ಸೇರಿದಾಗ ಪದರಗಳು ಮೊದಲಿನಷ್ಟು ಸಲೀಸಾಗಿ ಜಾರುವುದಿಲ್ಲ. ಒಡವೆಯ ಮೇಲಿನ '916' ಎಂಬ ಗುರುತು ಇದೇ ಲೆಕ್ಕ: 22ನ್ನು 24ರಿಂದ ಭಾಗಿಸಿದರೆ ಸಾವಿರಕ್ಕೆ 916.

ಶಿವನಸಮುದ್ರದಿಂದ ಬಂದ ತಂತಿ

ಎಲೆಕ್ಟ್ರಾನ್ ಕೆರೆಯ ಇನ್ನೊಂದು ಉಪಕಾರವನ್ನು ಕೆ.ಜಿ.ಎಫ್. ದೇಶದಲ್ಲೇ ಮೊದಲಿಗರ ಸಾಲಿನಲ್ಲಿ ಪಡೆಯಿತು. ನೀರೆತ್ತಲು, ಗಾಳಿ ಕಳಿಸಲು, ಅದಿರು ಅರೆಯಲು ಉರುವಲು ಸಾಲದೆ ಹೋದಾಗ, ಕಾವೇರಿಯ ಶಿವನಸಮುದ್ರ ಜಲಪಾತದಲ್ಲಿ ವಿದ್ಯುತ್ ತೆಗೆದು ಇಲ್ಲಿಗೆ ತರುವ ಯೋಜನೆ ಸಿದ್ಧವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಕೆಲಸ 1902ರ ಜೂನ್ ತಿಂಗಳಲ್ಲಿ ಮುಗಿಯಿತು. ಸುಮಾರು 147 ಕಿಲೋಮೀಟರ್ ತಂತಿ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಅಂದರೆ ಗಣಿಗೆ ಬಂದ ಮೂರು ವರ್ಷಗಳ ಮೇಲೆ.

ಅಷ್ಟು ದೂರ ವಿದ್ಯುತ್ತನ್ನು ಹೊತ್ತು ತಂದದ್ದು ಲೋಹದ ತಂತಿ. ಸ್ವತಂತ್ರವಾಗಿ ಹರಿದಾಡುವ ಎಲೆಕ್ಟ್ರಾನುಗಳು ಲೋಹದಲ್ಲಿದ್ದವು. ತಂತಿಯಿಂದ ವಿದ್ಯುತ್ತು ಕಂಬಕ್ಕೆ ಇಳಿಯದಂತೆ ತಡೆದದ್ದು ಪಿಂಗಾಣಿ. ಜೇಡಿಮಣ್ಣು, ಬೆಣಚುಕಲ್ಲಿನ ಪುಡಿಗಳನ್ನು ಸುಟ್ಟು ಮಾಡುವ ಪಿಂಗಾಣಿಯಲ್ಲಿ ಎಲೆಕ್ಟ್ರಾನುಗಳೆಲ್ಲ ಬಂಧಗಳಲ್ಲಿ ಕಟ್ಟಿಬಿದ್ದಿರುತ್ತವೆ. ಓಡಾಡಲು ಒಂದೂ ಬಿಡುವಾಗಿರುವುದಿಲ್ಲ. ಬೀದಿಯ ವಿದ್ಯುತ್ ಕಂಬವನ್ನು ತಲೆಯೆತ್ತಿ ನೋಡುವ ಯಾವ ವಿದ್ಯಾರ್ಥಿಗೂ ಎರಡು ಬಗೆಯ ಬಂಧಗಳು ಅಕ್ಕಪಕ್ಕದಲ್ಲಿ ಕಾಣಸಿಗುತ್ತವೆ.

ಪಾದರಸ, ಆಮೇಲೆ ಸೈನೈಡ್

ಅದಿರನ್ನು ಮೇಲೆ ತಂದು ಭಾರವಾದ ಕುಟ್ಟಾಣಿಗಳಲ್ಲಿ ಹುಡಿ ಮಾಡುತ್ತಿದ್ದರು. ನೀರು ಬೆರೆಸಿದ ಆ ಹುಡಿಯನ್ನು ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಸುತ್ತಿದ್ದರು. ಕೋಷ್ಟಕದಲ್ಲಿ ಚಿನ್ನದ ಸಂಖ್ಯೆ 79 ಆದರೆ ಪಾದರಸದ್ದು 80. ಪಾದರಸದ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕೆರೆಗೆ ಬಿಡಲು ಬಹಳ ಜಿಪುಣತನ ತೋರಿಸುವುದರಿಂದ ಅವುಗಳ ನಡುವಿನ ಬಂಧ ಸಡಿಲ. ಹಾಗಾಗಿ ಅದು ಕೋಣೆಯ ಶಾಖದಲ್ಲೂ ದ್ರವ. ಈ ದ್ರವ ಲೋಹ ಚಿನ್ನವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಕಲ್ಲನ್ನು ಮುಟ್ಟುವುದಿಲ್ಲ. ಆ ಮಿಶ್ರಣವನ್ನು ಕಾಸಿದರೆ 357 ಡಿಗ್ರಿಯಲ್ಲಿ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ.

ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಪಾದರಸ ಹಿಡಿಯಲಾರದು. ಅದಕ್ಕೆ ಉಪಾಯ ಬಂದದ್ದು ಸ್ಕಾಟ್ಲೆಂಡಿನಿಂದ. 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡಿನಿಂದ ಚಿನ್ನ ಕರಗಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಕೋಲಾರಕ್ಕೂ ಬಂದಿತ್ತು. ಎಲೆಕ್ಟ್ರಾನ್ ಎಂಬುದೊಂದು ಇದೆ ಎಂದು ಜೆ. ಜೆ. ಥಾಮ್ಸನ್ ತೋರಿಸಿಕೊಟ್ಟದ್ದೇ 1897ರಲ್ಲಿ. ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಯನ್ನು ಜರ್ಮನಿಯ ಕೊಸೆಲ್, ಹಂಚಿಕೆಯನ್ನು ಅಮೆರಿಕದ ಲೂಯಿಸ್ ವಿವರಿಸಿದ್ದು 1916ರಲ್ಲಿ. ಅಂದರೆ ಬಂಧ ಎಂದರೇನು ಎಂಬುದು ತಿಳಿಯುವ ಮೊದಲೇ ಗಣಿಯವರು ಅದನ್ನು ದುಡಿಸಿಕೊಳ್ಳುತ್ತಿದ್ದರು.

ಸೋಡಿಯಂ ಸೈನೈಡ್ ನೋಡಲು ಉಪ್ಪಿನಂತೆಯೇ ಬಿಳಿ. ಬಂಧವೂ ಉಪ್ಪಿನದೇ. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಧನ ಅಯಾನಾಗುತ್ತದೆ. ಇಂಗಾಲ-ಸಾರಜನಕಗಳ ಜೋಡಿ ಅದನ್ನು ಪಡೆದು ಋಣ ಅಯಾನಾಗುತ್ತದೆ. ಧನಕ್ಕೂ ಋಣಕ್ಕೂ ಇರುವ ಸೆಳೆತವೇ ಅಯಾನಿಕ ಬಂಧ. ಇಂಥ ಹರಳನ್ನು ಕುಟ್ಟಿದರೆ ಪದರ ಸ್ವಲ್ಪ ಜಾರಿದೊಡನೆ ಧನದ ಎದುರಿಗೆ ಧನ, ಋಣದ ಎದುರಿಗೆ ಋಣ ಬಂದು ಒಂದನ್ನೊಂದು ತಳ್ಳುತ್ತವೆ, ಹರಳು ಪುಡಿಯಾಗುತ್ತದೆ. ಮನೆಯ ಕಲ್ಲುಪ್ಪು ಒರಳಿನಲ್ಲಿ ಪುಡಿಯಾಗುವುದೂ ಹೀಗೆಯೇ. ನೀರಿಗೆ ಹಾಕಿದರೆ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು ಎಳೆದೊಯ್ಯುತ್ತವೆ. ಕೆ.ಜಿ.ಎಫ್.ಗೆ ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ನೀರು ಬರುತ್ತಿತ್ತು. ಬಂಡೆಯನ್ನು ಕರಗಿಸಲಾಗದ ಅದೇ ನೀರು ಸೈನೈಡನ್ನು ಸರಾಗವಾಗಿ ಕರಗಿಸುತ್ತದೆ.

ಈಗ ಮುಖ್ಯ ಘಟ್ಟ. ಆಮ್ಲಜನಕಕ್ಕೆ ಬಗ್ಗದ ಚಿನ್ನ ಸೈನೈಡಿಗೆ ಏಕೆ ಬಗ್ಗುತ್ತದೆ? ಸೈನೈಡ್ ಅಯಾನು ಚಿನ್ನದಿಂದ ಏನನ್ನೂ ಕಿತ್ತುಕೊಳ್ಳಲು ಹೋಗುವುದಿಲ್ಲ. ತನ್ನದೇ ಒಂದು ಜೊತೆ ಎಲೆಕ್ಟ್ರಾನುಗಳನ್ನು ಚಿನ್ನಕ್ಕೆ ನೀಡುತ್ತದೆ. ನೀರಿನಲ್ಲಿ ಕರಗಿದ ಗಾಳಿಯ ಆಮ್ಲಜನಕ ಚಿನ್ನದಿಂದ ಒಂದು ಎಲೆಕ್ಟ್ರಾನನ್ನು ತೆಗೆಯಲು ಯತ್ನಿಸುವ ಹೊತ್ತಿಗೆ ಎರಡು ಸೈನೈಡ್‌ಗಳು ಚಿನ್ನದ ಪರಮಾಣುವನ್ನು ಎರಡೂ ಬದಿಯಿಂದ ಭದ್ರವಾಗಿ ಹಿಡಿದುಕೊಳ್ಳುತ್ತವೆ. ಒಬ್ಬರಿಂದ ಆಗದ್ದು ಇಬ್ಬರಿಂದ ಆಗುತ್ತದೆ. ಇಂಥ ಸಂಕೀರ್ಣ ಸಂಯುಕ್ತಗಳ ಗುಟ್ಟನ್ನು 1893ರಲ್ಲಿ ಬಿಡಿಸಿದ ಆಲ್‌ಫ್ರೆಡ್ ವರ್ನರ್‌ಗೆ 1913ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ದ್ರಾವಣವೂ ಬಲು ತೆಳು. ನೂರು ಲೀಟರ್ ನೀರಿಗೆ ಕೆಲವು ಹತ್ತು ಗ್ರಾಂ ಸೈನೈಡ್ ಸಾಕು. ಕೊನೆಗೆ ಅದಕ್ಕೆ ಸತುವಿನ ಪುಡಿ ಬೆರೆಸಿದರೆ ಸತು ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಸೈನೈಡಿನ ಜತೆ ಸೇರುತ್ತದೆ. ಚಿನ್ನ ಕಪ್ಪು ಕೆಸರಾಗಿ ಕೆಳಗೆ ಕೂರುತ್ತದೆ. ಅದನ್ನು 1,064 ಡಿಗ್ರಿ ದಾಟುವಂತೆ ಕಾಸಿ ಎರಕ ಹೊಯ್ದಾಗ ಮಾತ್ರ ಹಳದಿ ಬಣ್ಣ ಕಾಣುವುದು.

ಗುಡ್ಡ ಉಳಿಯಿತು

ಸೈನೈಡ್ ಮನುಷ್ಯನನ್ನು ಕೊಲ್ಲುವುದೂ ಚಿನ್ನವನ್ನು ಹಿಡಿಯುವ ಅದೇ ಗುಣದಿಂದ. ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲು ನೆರವಾಗುವ ಕಿಣ್ವವೊಂದರಲ್ಲಿ ಕಬ್ಬಿಣದ ಪರಮಾಣು ಇದೆ. ಸೈನೈಡ್ ಅದಕ್ಕೆ ಅಂಟಿಕೊಂಡರೆ ಗಾಳಿ ಇದ್ದೂ ಕೋಶಗಳು ಉಸಿರು ಕಟ್ಟುತ್ತವೆ. ದ್ರಾವಣ ಆಮ್ಲವಾದರೆ ಸೈನೈಡ್ ವಿಷಾನಿಲವಾಗಿ ಏಳುವುದರಿಂದ ಅದಕ್ಕೆ ಸುಣ್ಣ ಬೆರೆಸುವುದು ಕಡ್ಡಾಯ.

ಆದರೆ ಗುಡ್ಡಗಳ ಇಂದಿನ ಮುಖ್ಯ ಅಪಾಯ ಆ ಹೆಸರಿನಲ್ಲಿಲ್ಲ. ಬಿಸಿಲು, ಗಾಳಿಗಳಿಗೆ ಒಡ್ಡಿಕೊಂಡ ಸೈನೈಡ್ ವರ್ಷಗಳು ಕಳೆದಂತೆ ಒಡೆದು ನಿರುಪದ್ರವಿ ವಸ್ತುಗಳಾಗುತ್ತದೆ. ಒಡೆಯದೆ ಉಳಿಯುವುದು ಬೆಣಚುಕಲ್ಲಿನ ಹುಡಿ. ಮುಗಿಯದ ಬಲೆಯಂತಿದ್ದ ಕಲ್ಲನ್ನು ಅರೆದಾಗ ಕಣದ ಅಂಚುಗಳಲ್ಲಿ ಬಂಧಗಳು ತುಂಡಾಗಿ ಬಾಯಿಬಿಟ್ಟುಕೊಂಡಿರುತ್ತವೆ. ಹೊಸದಾಗಿ ಒಡೆದ ಇಂಥ ಕಣ ಶ್ವಾಸಕೋಶ ಸೇರಿದರೆ ಅಲ್ಲಿನ ಕೋಶಗಳನ್ನು ಘಾಸಿಗೊಳಿಸುತ್ತದೆ. ದೇಹ ಅದನ್ನು ಕರಗಿಸಲಾರದು. ಗಾಯ ಮಾಗಿ ಕಲೆಯಾಗಿ, ಕಲೆ ಗಟ್ಟಿಯಾಗಿ ಉಸಿರಾಟವೇ ಕಷ್ಟವಾಗುತ್ತದೆ. ಇದೇ ಸಿಲಿಕೋಸಿಸ್. ಕೋಲಾರದ 7 ಸಾವಿರಕ್ಕೂ ಹೆಚ್ಚು ಗಣಿಗಾರರನ್ನು ತಪಾಸಣೆ ಮಾಡಿ 1947ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತ್ತು. ಇದಕ್ಕೆ ಇಂದಿಗೂ ಪೂರ್ಣ ಗುಣ ಮಾಡುವ ಔಷಧಿಯಿಲ್ಲ. ಧೂಳನ್ನು ತಡೆಯುವುದೊಂದೇ ದಾರಿ.

ಗಾಳಿಯ ದಿನಗಳಲ್ಲಿ ಗುಡ್ಡದ ಹುಡಿ ಎದ್ದು ಮನೆಗಳ ಮೇಲೆ, ಬಾವಿಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಇಳಿಯುತ್ತದೆ. ಮಳೆ ಬಂದರೆ ಕೊರಕಲುಗಳಲ್ಲಿ ಹರಿದು ಹೊಲ, ಕೆರೆಗಳತ್ತ ಸಾಗುತ್ತದೆ. ಅದಿರಿನ ಜತೆಗಿದ್ದ ಗಂಧಕದ ಖನಿಜಗಳು ನೀರು, ಗಾಳಿ ತಗುಲಿ ಆಮ್ಲವಾಗುವುದು ಇನ್ನೊಂದು ತೊಂದರೆ. ಗುಡ್ಡದ ಸಮತಟ್ಟಾದ ನೆತ್ತಿ ಕ್ರಿಕೆಟ್ ಆಡುವ ಹುಡುಗರಿಗೆ ಒಳ್ಳೆಯ ಮೈದಾನದಂತೆ ಕಾಣುತ್ತದೆ. ಮಕ್ಕಳನ್ನು ಅಲ್ಲಿಗೆ ಕಳಿಸುವ ಮುನ್ನ ತಂದೆತಾಯಂದಿರು ಧೂಳಿನ ಈ ಗುಣವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮುಗಿದ ಗಣಿ, ಮುಗಿಯದ ಪ್ರಶ್ನೆ

1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೀರೆತ್ತುವುದು ನಿಂತ ಮೇಲೆ ಸುರಂಗಗಳು ತುಂಬಿಕೊಂಡವು.

ಊರು ಮಾತ್ರ ಖಾಲಿಯಾಗಲಿಲ್ಲ. ಅಜ್ಜ ಮುತ್ತಜ್ಜಂದಿರು ಪಾತಾಳಕ್ಕಿಳಿದ ಮನೆತನಗಳ ಮಕ್ಕಳು ಈಗ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಹಿಂದಿರುಗುತ್ತಾರೆ.

ಹದಿಮೂರು ಗುಡ್ಡಗಳಲ್ಲಿ 3 ಕೋಟಿ ಟನ್ನಿಗೂ ಹೆಚ್ಚು ಹುಡಿ ಇದೆ. ಅದರಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನ ಇನ್ನೂ ಉಳಿದಿದೆ. ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್ ತಿಂಗಳಲ್ಲಿ ಒಪ್ಪಿಗೆ ನೀಡಿತು. ಕೆಲಸ ಸಿಕ್ಕೀತೆಂಬ ಆಸೆ ಒಂದೆಡೆ; ನೆಲೆನಿಂತ ಹುಡಿಯನ್ನು ಮತ್ತೆ ಕೆದಕಿದರೆ ಧೂಳೇಳುವ ಭಯ ಇನ್ನೊಂದೆಡೆ. ಎಷ್ಟು ಗ್ರಾಂ ಚಿನ್ನ ಸಿಗುತ್ತದೆ ಎಂಬ ಲೆಕ್ಕದ ಜತೆಗೆ ಹುಡಿಯನ್ನು ಹೇಗೆ ತೋಯಿಸಿ ಇಡುತ್ತಾರೆ, ಸೈನೈಡ್ ನೀರನ್ನು ಹೇಗೆ ಶುದ್ಧ ಮಾಡುತ್ತಾರೆ, ಕೊನೆಗೆ ಉಳಿದದ್ದನ್ನು ಎಲ್ಲಿ ಮುಚ್ಚುತ್ತಾರೆ ಎಂಬ ಲೆಕ್ಕವೂ ಬೇಕು. ಈ ಪ್ರಶ್ನೆಗಳನ್ನು ಕೇಳಲು ರಸಾಯನ ಶಾಸ್ತ್ರ ತಿಳಿದ ಯುವಕರು ಆ ಊರಿಗೇ ಬೇಕಾಗಿದ್ದಾರೆ.

ಸಮೀಪದ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತಲೇ ಇರುತ್ತವೆ. ಅಲ್ಲಿಂದ ಹಿಂದಿರುಗುವಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಕೆ.ಜಿ.ಎಫ್. ರಸ್ತೆಯಲ್ಲಿ ನಿಂತರೆ ಸಾಕು. ಗಣಿಯೊಳಗೆ ಹೋಗುವಂತಿಲ್ಲ, ಹೋಗುವ ಅಗತ್ಯವೂ ಇಲ್ಲ. ದೂರದಿಂದ ಬೂದು ಗುಡ್ಡ, ಕಂಬದ ಮೇಲಿನ ತಂತಿ ಮತ್ತು ಪಿಂಗಾಣಿ, ಊಟದ ಡಬ್ಬಿಯಲ್ಲಿ ಚಿಟಿಕೆ ಉಪ್ಪು, ಅಮ್ಮನ ಕೈಯ ಬಳೆ. ಇಷ್ಟನ್ನು ತೋರಿಸಿ ಒಂದು ಬಗ್ಗುವುದೇಕೆ, ಒಂದು ಒಡೆಯುವುದೇಕೆ, ಒಂದು ಕರಗುವುದೇಕೆ ಎಂದು ಕೇಳಿದರೆ ಪಾಠ ಅಲ್ಲೇ ಆರಂಭವಾಗುತ್ತದೆ. ಹಾಗೆ ಕಲಿತದ್ದನ್ನು ಪರೀಕ್ಷೆ ಮುಗಿದ ಮೇಲೂ ಮಕ್ಕಳು ಮರೆಯಲಾರರು.